ಘಾಟಿಯಲ್ಲಿ ಮಾತ್ರ ನಡುಗದ ಕೈ

ಬೆಳಗಿನ ಜಾವ ಎರಡೂವರೆಗೆ ಹಾಸನ ಬಿಟ್ಟೆವು. ಹಿಂದೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಆಲೂಗಡ್ಡೆ. ಮುಂದೆ ಅಪ್ಪ, ನಾನು, ಒಂದು ಫ್ಲಾಸ್ಕ್ ಕಾಫಿ. ಮಂಗಳೂರಿನ ಬಂದರು ಮಂಡಿಗೆ ಲೋಡು. ಅಪ್ಪ ಪಿಕಪ್ ಓಡಿಸೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತು. ನಾನು ಬೆಂಗಳೂರಲ್ಲಿ ಎಸಿ ಕೆಳಗೆ ಕೂತು ಕೋಡ್ ಬರೆಯೋನು. ಲೋಡ್ ಗಾಡೀಲಿ ಅವರ ಪಕ್ಕ ಕೂತು ಈ ದಾರೀಲಿ ಹೋಗಿದ್ದು ಇಂಜಿನಿಯರಿಂಗ್ ಓದುವಾಗಲೇ ಕೊನೆ.

ಈ ಸಲ ಹೋಗಿದ್ದಕ್ಕೆ ಕಾರಣ ಅಮ್ಮನ ಫೋನು. "ಗಾಡಿ ಮಾರ್ತಾರಂತೆ ಕಣೋ. ಕೈ ನಡುಗುತ್ತಂತೆ. ನಿಂಗೆ ಹೇಳ್ಬೇಡ ಅಂದಿದಾರೆ." ಅಪ್ಪನಿಗೆ ಅರವತ್ತೊಂದು. ನಮ್ಮ ತಾತನಿಗೂ ಕೊನೆಗಾಲದಲ್ಲಿ ಕೈ ನಡುಗ್ತಿತ್ತು, ಮಜ್ಜಿಗೆ ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ಅಪ್ಪ ಅದನ್ನೇ ನೆನೆಸಿಕೊಂಡು ಒಳಗೊಳಗೇ ಕುಗ್ಗಿದ್ದರು. ನಾನು ಸುಮ್ಮನೆ ಒಬ್ಬ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡೆ. "ವೀಕೆಂಡ್ ಬೋರು, ಮಂಗಳೂರಿಗೆ ನಾನೂ ಬರ್ತೀನಿ" ಅಂತ ಹೊರಟೆ.

ಹಾಸನದಿಂದ ಸಕಲೇಶಪುರದವರೆಗೆ ರಾತ್ರಿ ಹೊತ್ತು ಆರಾಮಾಗಿ ಎಪ್ಪತ್ತೈದು, ಎಂಬತ್ತರಲ್ಲಿ ಹೋಗಬಹುದು. ಆಲೂರು ದಾಟಿದ ಮೇಲೆ ಅಪ್ಪ ಮಾತು ನಿಲ್ಲಿಸಿದರು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ, ಗೆಣ್ಣು ಬೆಳ್ಳಗಾಗೋ ಹಾಗೆ ಹಿಡಿದಿದ್ದರು. ನಾನು ಏನೂ ಕೇಳಲಿಲ್ಲ. ಬಾಳ್ಳುಪೇಟೆ ಮಂಜಲ್ಲಿ ಮುಚ್ಚಿತ್ತು. ಹೇಮಾವತಿ ಸೇತುವೆ ದಾಟಿ, ಮಂಜರಾಬಾದ್ ಕೋಟೆ ಕತ್ತಲಲ್ಲೇ ಹಿಂದೆ ಸರಿದು, ದೋಣಿಗಾಲ್ ಆದಮೇಲೆ ಇಳಿಜಾರು ಶುರು.

ಶಿರಾಡಿ ಘಾಟಿ ಗೊತ್ತಲ್ಲ? ಒಂದು ಕಾಲದಲ್ಲಿ ಗುಂಡಿಗೆ ಹೆಸರುವಾಸಿ. ಈಗ ಕಾಂಕ್ರೀಟ್ ರಸ್ತೆ, ಆದರೂ ಎದುರಿಗೆ ಟ್ಯಾಂಕರ್ ಸಾಲು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆಲ್ಲೋ ಕೆಂಪುಹೊಳೆ ಸದ್ದು. ನಾನು ಸೀಟಿನ ಅಂಚು ಹಿಡಿದುಕೊಂಡು ಕೂತಿದ್ದೆ. ವಿಚಿತ್ರ ಅಂದ್ರೆ, ಅಪ್ಪ ಇಲ್ಲೇ ಸಡಿಲ ಆಗಿದ್ದು. ಒಂದೇ ಕೈಯಲ್ಲಿ ಗೇರ್, ಇನ್ನೊಂದರಲ್ಲಿ ಸ್ಟೀರಿಂಗ್, ಬಾಯಲ್ಲಿ ಊರ ಸುದ್ದಿ. ಮಾರನಹಳ್ಳಿ ದಾಟಿದ ಮೇಲೆ ತಾವಾಗೇ ಬಾಯಿಬಿಟ್ಟರು: "ನೋಡು, ಇಲ್ಲಿ ಸರಿ ಇರುತ್ತೆ. ಕೆಳಗೆ ನೆಲ್ಯಾಡಿ ಕಡೆ ನೇರ ರಸ್ತೆ ಸಿಕ್ಕಿದ್ರೆ ಮತ್ತೆ ನಡುಗೋಕೆ ಶುರು. ಭಯ ಇರೋ ಕಡೆ ಕೈ ಹುಷಾರಾಗಿರುತ್ತೇನೋ."

ನಾನು ಸ್ಪೀಡೋಮೀಟರ್ ನೋಡಿದೆ. ಮೂವತ್ತೆಂಟು.

ನರದ ತೊಂದರೆ ಇರೋ ಕೈ ಸ್ಪೀಡೋಮೀಟರ್ ನೋಡ್ಕೊಂಡು ನಡುಗಲ್ಲ. ನಮ್ಮ ಕೆಲಸದಲ್ಲಿ ಬಗ್ ಬಂದ್ರೆ ಮೊದಲು ಕೇಳೋದು, ಯಾವಾಗ ಬರುತ್ತೆ, ಯಾವಾಗ ಬರಲ್ಲ ಅಂತ. ಕೇಳ್ತಾ ಹೋದೆ. ಎಷ್ಟರಲ್ಲಿ ಶುರು? "ಎಪ್ಪತ್ತು ದಾಟಿದ ಮೇಲೆ." ತೊಂಬತ್ತರಲ್ಲಿ? "ಖಾಲಿ ಗಾಡೀಲಿ ಒಂದೆರಡು ಸಲ ಹೋಗಿದ್ದೆ. ಕಮ್ಮಿ ಆಗುತ್ತಪ್ಪ." ಇಷ್ಟು ಸಾಕಿತ್ತು. ಒಂದು ಸ್ಪೀಡಲ್ಲಿ ಶುರುವಾಗಿ, ಜೋರಾಗಿ, ಆಮೇಲೆ ತಗ್ಗೋ ನಡುಕ ಸಾಮಾನ್ಯವಾಗಿ ಚಕ್ರದ್ದು. ಅದೂ ಸ್ಟೀರಿಂಗಲ್ಲಿ ಗೊತ್ತಾದರೆ ಮುಂದಿನ ಚಕ್ರ, ಸೀಟು ಮತ್ತು ನೆಲದಲ್ಲಿ ಗೊತ್ತಾದರೆ ಹಿಂದಿನದ್ದು ಅಥವಾ ಪ್ರೊಪೆಲ್ಲರ್ ಶಾಫ್ಟು. ನನ್ನ ಸೀಟಿಗೆ ಏನೂ ಬಂದಿರಲಿಲ್ಲ. ಬ್ರೇಕ್ ಡಿಸ್ಕ್ ಸೊಟ್ಟಗಾಗಿದ್ದರೆ ಇಷ್ಟುದ್ದ ಇಳಿಜಾರಲ್ಲಿ ಬ್ರೇಕ್ ಒತ್ತಿದಾಗೆಲ್ಲ ಪೆಡಲ್ ಬಡಿದುಕೊಳ್ಳಬೇಕಿತ್ತು. ಅದೂ ಇಲ್ಲ. ಕೂತಲ್ಲೇ ಲೆಕ್ಕ ಹಾಕಿದೆ: ಟೈರಿನ ಸುತ್ತಳತೆ ಸುಮಾರು 2.2 ಮೀಟರ್, ಎಪ್ಪತ್ತೈದರ ವೇಗಕ್ಕೆ ಸೆಕೆಂಡಿಗೆ ಒಂಬತ್ತೋ ಹತ್ತೋ ಸುತ್ತು. ಸ್ಟೀರಿಂಗ್ ನಡುಗೋದು ಅದೇ ಲಯದಲ್ಲಿ. ಶಾಫ್ಟ್ ಆಗಿದ್ದರೆ ಅದರ ನಾಲ್ಕು ಪಟ್ಟು ವೇಗ, ನಡುಕ ಅನ್ನೋದಕ್ಕಿಂತ ಗುಂಯ್ ಅಂತ ಜುಮ್ಮು ಹಿಡಿದ ಹಾಗೆ ಇರುತ್ತೆ.

ಅಪ್ಪನಿಗೆ ಇದೆಲ್ಲ ಹೇಳಲಿಲ್ಲ. "ಗುಂಡ್ಯದಲ್ಲಿ ನಿಲ್ಸಿ, ಟೈರ್ ನೋಡ್ಬೇಕು" ಅಂದೆ. "ಟೈರಿಗೇನಾಗಿದೆ, ಆರು ತಿಂಗಳಾಗಿಲ್ಲ" ಅಂದರು.

ಗುಂಡ್ಯ ತಲುಪಿದಾಗ ಐದು ಗಂಟೆ. ಹೋಟೆಲ್ ಮುಂದೆ ಬಸ್ಸಿನವರು, ಲಾರಿಯವರು ಮುಖ ತೊಳೀತಿದ್ದರು. ಹೊರಗಿಂದ ನೋಡಿದ್ರೆ ಎಡಗಡೆ ಟೈರು ನಿಜವಾಗ್ಲೂ ಚೆನ್ನಾಗೇ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಒಳಗಿನ ಅಂಚಿಗೆ ಹಿಡಿದಾಗ ನನ್ನ ಬಾಯಿ ಒಣಗಿತು. ಹೊರ ಅಂಚಲ್ಲಿ ಗಾಡಿ ಹೊಸದು, ಒಳ ಅಂಚು ಬೋಳು. ಬೋಳು ಅಂದ್ರೆ ಚಡಿಯ ತಳದ 1.6 ಮಿಲಿಮೀಟರ್ ಗುರುತಿನ ಮಟ್ಟ ದಾಟಿ, ಒಂದು ಕಡೆ ತಂತಿ ಇಣುಕ್ತಿತ್ತು. ಆ ಟೈರಿನ ಮೇಲೆ ಒಂದು ಟನ್ ಆಲೂಗಡ್ಡೆ ಹೊತ್ತು ಇಡೀ ಶಿರಾಡಿ ಇಳಿದು ಬಂದಿದ್ವಿ.

ಟೈರಿನ ಮೈಮೇಲೆ ಅಂಗೈ ಸವರಿ ನೋಡಿದೆ. ಒಳಗಿಂದ ಹೊರಗೆ ಸವರಿದರೆ ನುಣುಪು, ಹೊರಗಿಂದ ಒಳಗೆ ಎಳೆದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತೆ. ಟೈರ್ ಮಾತಾಡೋದು ಹೀಗೆ. ಎರಡೂ ಅಂಚು ಸವೆದರೆ ಗಾಳಿ ಕಮ್ಮಿ, ನಡುಮಧ್ಯ ಸವೆದರೆ ಗಾಳಿ ಜಾಸ್ತಿ. ಒಂದೇ ಅಂಚು, ಅದರ ಜೊತೆಗೆ ಈ ಗರಗಸ ಇದ್ದರೆ ಚಕ್ರ ನೇರ ನೋಡ್ತಿಲ್ಲ ಅಂತ. ಉರುಳೋದರ ಜೊತೆಗೆ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಉಜ್ಜಿಕೊಂಡೇ ಹೋಗ್ತಿದೆ. ಹಾಗೆ ಸೊಟ್ಟಪಟ್ಟ ಸವೆದ ಟೈರು ಗುಂಡಗೆ ಉಳಿಯಲ್ಲ, ಆಮೇಲೆ ಅದೇ ಸ್ಟೀರಿಂಗ್ ಅಲ್ಲಾಡಿಸುತ್ತೆ.

ಅಪ್ಪ ಕುಕ್ಕರುಗಾಲಲ್ಲಿ ಕೂತು ತಾವೂ ಸವರಿದರು. "ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೀನಲ್ಲೋ" ಅಂದರು. ಹೊಸ ಟೈರ್ ಹಾಕಿದಾಗ ಮೂರು ತಿಂಗಳು ಕೈ ಸರಿ ಇತ್ತು, ಆಮೇಲೆ ಮತ್ತೆ ಶುರುವಾಯ್ತು ಅಂತ ನೆನಪಾಗಿದ್ದೂ ಆಗಲೇ.

ಸ್ಟೆಪ್ನಿ ಹಾಕಿದೆವು. ಅಂದ್ರೆ ಅಪ್ಪ ಹಾಕಿದರು, ನಾನು ಟಾರ್ಚ್ ಹಿಡಿದೆ. ಗುಂಡ್ಯದಿಂದ ಗಾಡಿ ನಾನು ತಗೊಂಡೆ. ನೆಲ್ಯಾಡಿ ದಾಟಿ ಒಂದು ಕಡೆ ರಸ್ತೆ ಚೆನ್ನಾಗಿ ಸಿಕ್ಕಿತು. ಎಪ್ಪತ್ತೈದು. ಸ್ಟೀರಿಂಗಲ್ಲಿ ಸಣ್ಣ ಅದುರು, ಅಷ್ಟೇ. ಅಪ್ಪ ಪಕ್ಕದಿಂದ ಕೈ ಚಾಚಿ ಸ್ಟೀರಿಂಗ್ ಮೇಲೆ ಎರಡು ಬೆರಳಿಟ್ಟು ಸುಮಾರು ಹೊತ್ತು ಹಾಗೇ ಇದ್ದರು.

"ನಿನ್ ಕೈಗೂ ಬರ್ತಿದ್ಯಾ ಇದು?"

"ಬರ್ತಿದೆ."

ಉಪ್ಪಿನಂಗಡಿ ಬರೋವರೆಗೂ ಮತ್ತೆ ಮಾತಿಲ್ಲ.

ಮಂಡಿಯಲ್ಲಿ ಲೋಡ್ ಇಳಿಸೋದು, ತೂಕ, ರೇಟಿನ ಜಗಳ, ಅದೆಲ್ಲ ಬಿಡಿ. ಹತ್ತೂವರೆಗೆ ಖಾಲಿ ಗಾಡಿ ತಗೊಂಡು ಪಂಪ್‌ವೆಲ್ ಹತ್ತಿರದ ಒಂದು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ನನಗಿಂತ ಚಿಕ್ಕವನು. ಕಂಪ್ಯೂಟರ್ ಕಡೆ ತಿರುಗಿಯೂ ನೋಡದೆ ಜಾಕ್ ಕೊಟ್ಟ. ಚಕ್ರವನ್ನು ಗಡಿಯಾರದ ಮೂರು–ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದ, ಸಣ್ಣ ಆಟ. ಹನ್ನೆರಡು–ಆರರಲ್ಲಿ ಹಿಡಿದ, ಟಕ್ ಅಂತು. ಟೈರಿನ ಕೆಳಗೆ ಸಲಾಕೆ ಕೊಟ್ಟು ಮೀಟಿದಾಗ ಕೆಳಗಿನ ಬಾಲ್ ಜಾಯಿಂಟ್ ಕಣ್ಣಿಗೇ ಕಾಣೋ ಹಾಗೆ ಮೇಲೆ ಕೆಳಗೆ ಆಡ್ತು. ಟೈ ರಾಡ್ ಎಂಡ್ ಕೂಡ ಹೋಗಿತ್ತು.

"ಇದಿಟ್ಕೊಂಡು ಎಷ್ಟು ಸಲ ಅಲೈನ್‌ಮೆಂಟ್ ಮಾಡಿದ್ರೂ ನಿಲ್ಲುವುದಿಲ್ಲ ಮಾರಾಯ್ರೆ" ಅಂದ. ನಿಜವೇ. ನಿಂತ ಗಾಡೀಲಿ ಮೆಷಿನ್ ಹಸಿರು ಬಣ್ಣ ತೋರಿಸುತ್ತೆ. ಓಡೋಕೆ ಶುರುವಾದ ಕೂಡಲೇ ಸಡಿಲ ಕೀಲು ಬಾಯಿಬಿಟ್ಟು ಚಕ್ರ ತನಗೆ ಬೇಕಾದ ಕಡೆ ನೋಡುತ್ತೆ. ಮೊದಲು ಕೀಲು, ಆಮೇಲೆ ಅಲೈನ್‌ಮೆಂಟ್. ಎರಡು ಸಲ ದುಡ್ಡು ತಗೊಂಡವರು ಒಂದು ಸಲ ಚಕ್ರ ಎತ್ತಿ ಅಲ್ಲಾಡಿಸಿದ್ದರೆ ಒಂದು ಟೈರು ಉಳೀತಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮಪ್ಪನ ಎಷ್ಟೋ ರಾತ್ರಿಯ ನಿದ್ದೆ ಉಳೀತಿತ್ತು. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಇನ್ನೊಂದು ತಮಾಷೆ. ಬಲಗಡೆ ಚಕ್ರ ಬಿಚ್ಚಿದಾಗ ರಿಮ್ಮಿನ ಒಳಗೆ ಅಂಗೈ ಅಗಲ ಕೆಮ್ಮಣ್ಣು ಒಣಗಿ ಕಲ್ಲಾಗಿ ಅಂಟಿತ್ತು. ನೆಲ್ಯಾಡಿಯಲ್ಲಿ ಉಳಿದಿದ್ದ ಸಣ್ಣ ಅದುರಿಗೆ ಅದೇ ಕಾರಣ ಇರಬೇಕು. ಬ್ಯಾಲೆನ್ಸಿಂಗಿಗೆ ಗ್ರಾಂ ಲೆಕ್ಕದಲ್ಲಿ ಸೀಸ ಬಡೀತಾರೆ, ಇಲ್ಲಿ ಮುಷ್ಟಿ ಮಣ್ಣು. ಹುಡುಗ ಸ್ಕ್ರೂಡ್ರೈವರಲ್ಲಿ ಕೆರೆದು ಉದುರಿಸಿದ.

ಕೀಲು ಬದಲಾಗಿ, ಒಂದು ಹೊಸ ಟೈರು ಬಂದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಯೋಷ್ಟರಲ್ಲಿ ಮೂರು ಗಂಟೆ. ವಾಪಸ್ ಬರುವಾಗ ಸ್ಟೀರಿಂಗ್ ಅಪ್ಪನ ಕೈಗೆ. ಫರಂಗಿಪೇಟೆ ಆದಮೇಲೆ ಒಂದು ಕಡೆ ಖಾಲಿ ರಸ್ತೆ ಸಿಕ್ಕಿದಾಗ ಅವರು ನನ್ನ ಕಡೆ ನೋಡದೆ ಎಂಬತ್ತಕ್ಕೆ ಏರಿಸಿದರು. ಬರೀ ಬೆರಳ ತುದಿಯಲ್ಲಿ ಹಿಡಿದಿದ್ದರು. ಆಮೇಲೆ ಎಪ್ಪತ್ತಕ್ಕೆ ಇಳಿಸಿ, ಮತ್ತೆ ಎಂಬತ್ತು.

ಕಲ್ಲಡ್ಕದಲ್ಲಿ ಕೆಟಿ ಕುಡಿಯದೆ ಮುಂದೆ ಹೋಗೋ ಹಾಗಿಲ್ಲ. ನಾನು ಗಾಡಿ ಹತ್ತಿರ ಫೋನ್ ನೋಡ್ತಾ ನಿಂತಿದ್ದೆ, ಅಪ್ಪ ಎರಡೂ ಕೈಯಲ್ಲಿ ಎರಡು ಗ್ಲಾಸ್ ಹಿಡಿದು ರಸ್ತೆ ಬದಿಯ ಧೂಳಲ್ಲಿ ನಡೆದು ಬಂದರು. ಕೆಳಗೆ ಬಿಳಿ ಹಾಲು, ಮೇಲೆ ಕಂದು ಡಿಕಾಕ್ಷನ್, ನಡುವಿನ ಗೆರೆ ಒಂದು ಚೂರೂ ಕದಡಿರಲಿಲ್ಲ. ಗ್ಲಾಸನ್ನು ನನಗೆ ಕೊಡೋ ಮುಂಚೆ ಅವರೂ ಒಂದು ಸಲ ಆ ಗೆರೆ ನೋಡಿದರು.

"ಡಾಕ್ಟರ್ ಹತ್ರ ಬುಕ್ ಮಾಡಿದೀಯಂತೆ, ಅಮ್ಮ ಹೇಳಿದ್ಲು" ಅಂದರು.

"ಹೂಂ, ಸೋಮವಾರ. ಸುಮ್ನೆ ಒಂದ್ಸಲ ಹೋಗಿ ಬನ್ನಿ."

"ಸೋಮವಾರ ಲೋಡ್ ಐತೆ. ಬುಧವಾರಕ್ಕೆ ಹಾಕ್ಸು."