‘ಆಯಿತು’ ಎಂಬ ಮಾತು

‘ಆಯಿತು’ ಎಂಬುದು ಬಲು ಹಗುರವಾದ ಮಾತು. ದರ್ಜಿ ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಅನ್ನುತ್ತಾನೆ. ಗುಮಾಸ್ತ ಅರ್ಜಿಯನ್ನು ರಿಜಿಸ್ಟರಿಗೆ ಏರಿಸುವ ಮೊದಲೇ ಅನ್ನುತ್ತಾನೆ. ಕಂಪ್ಯೂಟರೂ ಹಾಗೆ ಅನ್ನುತ್ತದೆಂದು ನನಗೆ ತಿಳಿದದ್ದು 2012ರಲ್ಲಿ.

ನಮ್ಮ ಕಚೇರಿಯ ಫೈಲುಗಳೆಲ್ಲ ಒಂದೇ ಸರ್ವರಿನಲ್ಲಿದ್ದವು. ಉಳಿದ ಯಂತ್ರಗಳು ಎನ್‌ಎಫ್‌ಎಸ್ ಎಂಬ ಏರ್ಪಾಡಿನ ಮೂಲಕ, ನೆಟ್‌ವರ್ಕ್ ತಂತಿಯ ಮೇಲೆ, ಅಲ್ಲಿಗೇ ಬರೆಯುತ್ತಿದ್ದವು. ಆ ವರ್ಷ ಸರ್ವರಿಗೆ ಹೊಸ ಲಿನಕ್ಸ್ ಹಾಕಿದೆವು. ಅದರ ಹೃದಯವಾದ ಕರ್ನೆಲ್ — ಸೈನ್ಯದ ಕರ್ನಲ್ ಸಾಹೇಬರಲ್ಲ — 2.6.18ರಿಂದ 2.6.32ಕ್ಕೆ ಏರಿತು, ಡಿಸ್ಕಿನ ಲೆಕ್ಕ ನೋಡುವ ಇಎಕ್ಸ್‌ಟಿ3 ಹೋಗಿ ಇಎಕ್ಸ್‌ಟಿ4 ಬಂತು. ಮರುದಿನವೇ ಗೊಣಗಾಟ ಶುರುವಾಯಿತು. ಓದುವುದು ಮೊದಲಿನಂತೆಯೇ ಚುರುಕು, ಬರೆಯುವುದು ಮಾತ್ರ ಆಮೆಯ ನಡಿಗೆ!

ತಂತಿ ಬದಲಿಸಿದೆವು, ಸ್ವಿಚ್ ಬದಲಿಸಿದೆವು, ಗುಣ ಕಾಣಲಿಲ್ಲ. ದೊಡ್ಡ ಫೈಲೊಂದನ್ನು ಬರೆಸಿದರೆ ಸಲೀಸಾಗಿ ಹೋಗುತ್ತಿತ್ತು. ಸಾವಿರ ಪುಟ್ಟ ಫೈಲು ಬರೆಸಿದರೆ ತೆವಳುತ್ತಿತ್ತು. ಸುಳಿವು ಸಿಕ್ಕಿದ್ದು ಅಲ್ಲಿಯೇ.

ಪ್ರತಿ ಫೈಲು ಮುಗಿದಾಗಲೂ ‘ಡಿಸ್ಕಿಗೆ ಸೇರಿತೆ?’ ಎಂದು ಎನ್‌ಎಫ್‌ಎಸ್ ಕೇಳುತ್ತದೆ. ಡಿಸ್ಕಿಗೂ ಸ್ವಂತದ್ದೊಂದು ಪುಟ್ಟ ನೆನಪುಂಟು. ಅಕ್ಷರ ಆ ನೆನಪಿನೊಳಗೆ ಬಿದ್ದೊಡನೆ ಡಿಸ್ಕು ‘ಆಯಿತು’ ಎನ್ನುತ್ತಿತ್ತು. ಹಳೆಯ ವ್ಯವಸ್ಥೆ ನಂಬಿಬಿಡುತ್ತಿತ್ತು. ಆದರೆ ಕರೆಂಟು ಹೋದರೆ ಆ ನೆನಪೂ ಹೋಯಿತೆನ್ನಿ. ಇಎಕ್ಸ್‌ಟಿ4 ಅಷ್ಟು ಸುಲಭವಾಗಿ ನಂಬುವುದಲ್ಲ. ‘ಬ್ಯಾರಿಯರ್’ ಎಂಬ ಕಟ್ಟೆ ಕಟ್ಟಿ, ಅಕ್ಷರ ತಟ್ಟೆಯ ಮೇಲೆ ಮೂಡುವವರೆಗೆ ಕಾಯುತ್ತದೆ. ನಿಮಿಷಕ್ಕೆ 7,200 ಸುತ್ತುವ ತಟ್ಟೆ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಸುತ್ತಿಗೊಂದು ಫೈಲೆಂದು ಹಿಡಿದರೂ 10,000 ಫೈಲುಗಳಿಗೆ 83 ಸೆಕೆಂಡು ಬೇಕು.

“ಆ ಕಟ್ಟೆ ಕಿತ್ತುಹಾಕಿ” ಎಂದರು ಮೇಲಧಿಕಾರಿಗಳು. ಒಂದು ಪದ ಬದಲಿಸಿದ್ದರೆ ಸಾಕು, ಹಳೆಯ ವೇಗ ಮರಳುತ್ತಿತ್ತು.

“ಕರೆಂಟು ಹೋದ ಸಂಜೆ ಯಾರ ಸಂಬಳದ ಲೆಕ್ಕ ಅಳಿಸಿಹೋದರೆ ಪರವಾಗಿಲ್ಲ ಸಾರ್?” ಎಂದೆ.

ಅವರು ಉತ್ತರ ಕೊಡಲಿಲ್ಲ; ವಾರದೊಳಗೆ ಬ್ಯಾಟರಿಯುಳ್ಳ ಡಿಸ್ಕ್ ಕಂಟ್ರೋಲರಿಗೆ ಹಣ ಮಂಜೂರು ಮಾಡಿದರು. ನೆನಪಿಗೆ ಬ್ಯಾಟರಿಯ ಆಸರೆ ಇದ್ದ ಮೇಲೆ, ಬೇಗ ‘ಆಯಿತು’ ಎಂದರೂ ಅದು ಸುಳ್ಳಾಗದು.

ಆ ಕರ್ನೆಲ್‌ಗಳಿಗೆ ಈಗ ವಯಸ್ಸಾಯಿತು. ಆದರೂ ಹೊಸ ಯಂತ್ರ ನಿಧಾನವೆಂದು ಯಾರಾದರೂ ದೂರಿದರೆ, ಅದು ಸೋಮಾರಿಯೋ ಸಾಚಾವೋ ಎಂದು ಮೊದಲು ವಿಚಾರಿಸುತ್ತೇನೆ.