ಹದಿನಾರರ ದನಿ, ಮಯಾಮಿಯ ಹಿರಿಯರು

ಚಿಕ್ಕ ವಯಸ್ಸಿನವರು ಪಳಗಿದ ದನಿಯಲ್ಲಿ ಹಾಡಿದರೆ ನಮ್ಮ ಜನ ಥಟ್ಟನೆ 'ಪೂರ್ವಜನ್ಮದ ಸುಕೃತ' ಅಂದುಬಿಡುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ, ಅಲ್ಲಗಳೆಯಲು ಮನಸ್ಸು ಬರುವುದಿಲ್ಲ. ಆದರೆ ಈ ಜನ್ಮದಲ್ಲೇ ಪಕ್ಕದಲ್ಲಿ ಕೂತು ತಿದ್ದಿದವರು ಇರುತ್ತಾರಲ್ಲ, ಅವರ ಹೆಸರು ಹಿಂದೆ ಸರಿದುಹೋಗುತ್ತದೆ. ಇಂಗ್ಲೆಂಡಿನ ಸೋಲ್ ಗಾಯಕಿ ಜಾಸ್ ಸ್ಟೋನ್ ವಿಷಯದಲ್ಲಿ ಆದದ್ದೂ ಅದೇ. 2003ರಲ್ಲಿ ಅವಳ ಮೊದಲ ಆಲ್ಬಂ 'ದ ಸೋಲ್ ಸೆಷನ್ಸ್' ಬಂದಾಗ ಕೇಳಿದವರೆಲ್ಲ ಅವಳ ವಯಸ್ಸಿನ ಬಗ್ಗೆಯೇ ಮಾತಾಡಿದರು. ಹದಿನಾರಂತೆ, ಇಂಗ್ಲೆಂಡಿನ ಹಳ್ಳಿಯವಳಂತೆ, ಬಿಳಿಯ ಹುಡುಗಿಯಂತೆ! ಅವಳ ಸುತ್ತ ಕೂತು ನುಡಿಸಿದವರು ಯಾರು ಎಂದು ವಿಚಾರಿಸಿದವರು ಕಡಿಮೆ. ನನಗೆ ಆ ಆಲ್ಬಂ ಪ್ರಿಯವಾದದ್ದು ಮುಖ್ಯವಾಗಿ ಅವರಿಂದ.

ಮೊದಲು ಹುಡುಗಿಯ ವಿಚಾರ ಹೇಳಿಬಿಡುತ್ತೇನೆ. ಅವಳ ನಿಜ ಹೆಸರು ಜಾಸ್ಲಿನ್ ಈವ್ ಸ್ಟೋಕರ್. 1987ರಲ್ಲಿ ಡೋವರ್‌ನಲ್ಲಿ ಹುಟ್ಟಿದಳು, ಬೆಳೆದದ್ದು ಡೆವನ್ ಸೀಮೆಯ ಆ್ಯಶಿಲ್ ಎಂಬ ಪುಟ್ಟ ಹಳ್ಳಿಯಲ್ಲಿ. ಡಿಸ್ಲೆಕ್ಸಿಯಾ ಇದ್ದುದರಿಂದ ಓದು ಬರಹ ಕಷ್ಟವಾಗಿತ್ತು; ಹದಿನಾರಕ್ಕೆ ಶಾಲೆ ಬಿಟ್ಟಳು. ಅವಳ ಕೈಗೆ ಸ್ವಂತದ್ದೆಂದು ಬಂದ ಮೊದಲ ಆಲ್ಬಂ ಅರೀಥಾ ಫ್ರಾಂಕ್ಲಿನ್ ಅವರ ಜನಪ್ರಿಯ ಹಾಡುಗಳ ಸಂಗ್ರಹ. ಅಮೆರಿಕದ ಕಪ್ಪು ಜನರ ಚರ್ಚಿನ ಭಜನೆಗೂ ಬೀದಿಯ ಲಯಕ್ಕೂ ಬೆಸುಗೆ ಹಾಕಿದ್ದೇ ಸೋಲ್ ಸಂಗೀತ. ಅರೀಥಾ ಅದರ ಮಹಾರಾಣಿ. ಅಂಥ ದನಿಯನ್ನು ಹತ್ತರ ಆಸುಪಾಸಿನ ಮಗು ಮತ್ತೆಮತ್ತೆ ಕೇಳಿದರೆ, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಪಾಠವಿಲ್ಲದೆಯೂ ಗಂಟಲಿಗೆ ಇಳಿದಿರುತ್ತದೆ. 2001ರಲ್ಲಿ ಬಿಬಿಸಿಯ 'ಸ್ಟಾರ್ ಫಾರ್ ಎ ನೈಟ್' ಎಂಬ ಸ್ಪರ್ಧೆಯಲ್ಲಿ ಗೆದ್ದಳು. ಆಗಿನ್ನೂ ಹದಿನಾಲ್ಕು. ಅಲ್ಲಿಂದ ಸುದ್ದಿ ಅಮೆರಿಕದ ಎಸ್-ಕರ್ವ್ ರೆಕಾರ್ಡ್ಸ್‌ನ ಸ್ಟೀವ್ ಗ್ರೀನ್‌ಬರ್ಗ್ ಕಿವಿಗೆ ಬಿತ್ತು. ಆತ ಅವಳನ್ನು ನ್ಯೂಯಾರ್ಕಿಗೆ ಕರೆಸಿ ಹಾಡಿಸಿ ಕೇಳಿದ, ಒಪ್ಪಂದವೂ ಆಯಿತು.

ಪ್ರತಿಭೆಯನ್ನು ಗುರುತಿಸುವುದು ದೊಡ್ಡ ವಿಷಯವೇ. ಆದರೆ ಗ್ರೀನ್‌ಬರ್ಗ್ ಅದಕ್ಕಿಂತ ದೊಡ್ಡ ಕೆಲಸ ಮಾಡಿದ. ಹುಡುಗಿಯ ಸ್ವಂತ ಹಾಡುಗಳ ಆಲ್ಬಂ ಸಿದ್ಧವಾಗುತ್ತಿದ್ದ ಹೊತ್ತಿನಲ್ಲೇ, ಹಳೆಯ, ಹೆಚ್ಚು ಜನ ಮರೆತಿದ್ದ ಸೋಲ್ ಹಾಡುಗಳನ್ನು ಆರಿಸಿ, ಅವಳನ್ನು ಮಯಾಮಿಗೆ ಕರೆದುಕೊಂಡು ಹೋಗಿ ಬೆಟಿ ರೈಟ್ ಮುಂದೆ ನಿಲ್ಲಿಸಿದ.

ಬೆಟಿ ರೈಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1953ರಲ್ಲಿ ಮಯಾಮಿಯಲ್ಲಿ ಹುಟ್ಟಿದ ಈಕೆ ಎಳೆಯ ಮಗುವಾಗಿದ್ದಾಗಲೇ ಮನೆಮಂದಿಯ ಗಾಸ್ಪೆಲ್ ತಂಡದಲ್ಲಿ ಹಾಡಿದವಳು. ಹದಿಹರೆಯ ಮುಗಿಯುವ ಮೊದಲೇ ರೆಕಾರ್ಡು ಕೊಟ್ಟಳು. 1971ರಲ್ಲಿ 'ಕ್ಲೀನ್ ಅಪ್ ವುಮನ್' ಬಂದಾಗ ಹದಿನೇಳು. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದ ಹಾಡು ಅದು. ಮುಂದೆ ಡಿಸ್ಕೋ ಅಲೆ ಇಳಿದು, ಅವಳಂಥವರು ಹಾಡುತ್ತಿದ್ದ ಮಯಾಮಿಯ ಟಿ.ಕೆ. ರೆಕಾರ್ಡ್ಸ್ ಕಂಪನಿ ಮುಚ್ಚಿತು, ಅಲ್ಲಿನ ಕಲಾವಿದರು ದಿಕ್ಕುದಿಕ್ಕಿಗೆ ಹೋದರು. ಬೆಟಿ ಕೈಕಟ್ಟಿ ಕೂರಲಿಲ್ಲ, ತನ್ನದೇ ರೆಕಾರ್ಡ್ ಕಂಪನಿ ತೆರೆದು ಹಾಡಿದಳು. ಹದಿಹರೆಯದಲ್ಲಿ ಹೆಸರು ಬಂದರೆ ಏನಾಗುತ್ತದೆ, ಆ ಹೆಸರು ಇಳಿದ ಮೇಲೆ ಹೇಗೆ ಬದುಕಬೇಕು, ಎರಡನ್ನೂ ಅನುಭವಿಸಿದವಳು. ಹದಿನಾರರ ಹುಡುಗಿಗೆ ಇದಕ್ಕಿಂತ ಒಳ್ಳೆಯ ಗುರು ಎಲ್ಲಿ ಸಿಕ್ಕಾರು? ಆಲ್ಬಂನ ಸಹನಿರ್ಮಾಪಕಿಯಾದ ಆಕೆ ಹಿಂದೆ ನಿಂತು ಸಹಗಾಯನಕ್ಕೂ ದನಿ ಕೊಟ್ಟಿದ್ದಾಳೆ.

ಬೆಟಿ ಒಬ್ಬಳೇ ಬರಲಿಲ್ಲ, ತನ್ನ ಕಾಲದವರನ್ನೂ ಕರೆತಂದಳು. ಗಿಟಾರಿಗೆ 'ಲಿಟಲ್ ಬೀವರ್' ಎಂದೇ ಹೆಸರಾದ ವಿಲ್ಲಿ ಹೇಲ್, ಪಿಯಾನೋಗೆ ಲ್ಯಾಟಿಮೋರ್, ಆರ್ಗನ್ನಿಗೆ ಟಿಮ್ಮಿ ಥಾಮಸ್. ಈ ಟಿಮ್ಮಿ ಥಾಮಸ್ 1972ರಲ್ಲಿ ಒಂದು ಆರ್ಗನ್, ತಾಳ ಹಾಕುವ ಒಂದು ಯಂತ್ರ ಮತ್ತು ತನ್ನ ದನಿ, ಇಷ್ಟರಲ್ಲೇ 'ವೈ ಕಾಂಟ್ ವಿ ಲಿವ್ ಟುಗೆದರ್' ಎಂಬ ಹಾಡು ಮಾಡಿದ್ದ. ಅದರಲ್ಲಿ ಬೇರೆ ವಾದ್ಯವಿಲ್ಲ, ಆದರೂ ಖಾಲಿ ಅನ್ನಿಸುವುದಿಲ್ಲ. ಅದೇ ಹಾಡನ್ನು ಇಂಗ್ಲೆಂಡಿನ ಇನ್ನೊಬ್ಬ ಗಾಯಕಿ ಶಾಡೆ 1984ರ ತನ್ನ ಮೊದಲ ಆಲ್ಬಂ 'ಡೈಮಂಡ್ ಲೈಫ್'ನ ಕೊನೆಗೆ ಇಟ್ಟಳು. ಸುಮಾರು ಇಪ್ಪತ್ತು ವರ್ಷದ ಮೇಲೆ ಮತ್ತೊಬ್ಬ ಇಂಗ್ಲಿಷ್ ಹುಡುಗಿಯ ಮೊದಲ ಆಲ್ಬಂಗೆ ಅದೇ ಮನುಷ್ಯ ಕೀಲಿಮಣೆಯ ಮುಂದೆ ಕೂತ. ಎರಡು ತಲೆಮಾರಿನ ಗಾಯಕಿಯರ ಆರಂಭಕ್ಕೆ ಒದಗಿದ ಇಂಥವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇಂಗ್ಲೆಂಡಿನಿಂದ ಸೋಲ್ ಹುಡುಕಿಕೊಂಡು ಅಮೆರಿಕದ ದಕ್ಷಿಣಕ್ಕೆ ಹೋದವರಲ್ಲಿ ಜಾಸ್ ಮೊದಲಿನವಳೇನಲ್ಲ. 1968ರಲ್ಲಿ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಮೆಂಫಿಸ್‌ನ ಸ್ಟುಡಿಯೋಗೆ ಹೋದಳು. ಆಗಲೇ ಪ್ರಖ್ಯಾತಳು. ಆದರೆ ಸೋಲ್‌ನ ದೊಡ್ಡ ಗಾಯಕ ವಿಲ್ಸನ್ ಪಿಕೆಟ್ ಹಾಡಿದ ಜಾಗ ಇದೇ ಎಂದು ಹೇಳಿದ ಮೇಲೆ ಅವಳಿಗೆ ಎದೆ ಝಲ್ಲೆಂದಿತು, ದನಿ ಏಳಲಿಲ್ಲ. 'ಡಸ್ಟಿ ಇನ್ ಮೆಂಫಿಸ್' ಎಂಬ ಆ ಆಲ್ಬಂನ ಅಂತಿಮ ಗಾಯನವನ್ನು ನ್ಯೂಯಾರ್ಕಿನಲ್ಲಿ ದಾಖಲಿಸಬೇಕಾಯಿತು. ಅಂಥ ಭಯ ಗೌರವದ್ದೇ ಒಂದು ಮುಖ, ಅದಕ್ಕಾಗಿ ಡಸ್ಟಿಯ ಮೇಲೆ ನನ್ನ ಪ್ರೀತಿ ಹೆಚ್ಚೇ ಆಗಿದೆ. ಜಾಸ್‌ಗೆ ಅಂಥ ಅಂಜಿಕೆ ಕಾಡಿದಂತೆ ಆಲ್ಬಂನಲ್ಲಿ ಎಲ್ಲೂ ಕೇಳಿಸುವುದಿಲ್ಲ. ಎಳೆತನದ ಧೈರ್ಯ ಅರ್ಧ, ಬೆಟಿ ಪಕ್ಕದಲ್ಲಿದ್ದ ಧೈರ್ಯ ಅರ್ಧ ಎಂದು ನನ್ನ ನಂಬಿಕೆ.

'ದ ಸೋಲ್ ಸೆಷನ್ಸ್'ನಲ್ಲೇ ಇರುವ, ಮಯಾಮಿಯಾಚೆಯ ಒಂದು ಹಾಡಿನ ಮಾತೂ ಇಲ್ಲಿ ಬರಲಿ. ವೈಟ್ ಸ್ಟ್ರೈಪ್ಸ್ ಎಂಬ ರಾಕ್ ತಂಡದ 'ಫೆಲ್ ಇನ್ ಲವ್ ವಿತ್ ಎ ಗರ್ಲ್' ಎರಡು ನಿಮಿಷ ತುಂಬುವ ಮೊದಲೇ ಮುಗಿದುಹೋಗುವ ಹಾಡು. ಗಿಟಾರ್, ಡ್ರಮ್ ಎರಡೂ ಬೆನ್ನಟ್ಟಿ ಬಂದವರ ಹಾಗೆ ಓಡುತ್ತವೆ. ಜಾಸ್ ಅದರಲ್ಲಿ ಹುಡುಗಿಯನ್ನು ಹುಡುಗನಾಗಿಸಿ ಹಾಡಿದಳು, ನಿರ್ಮಾಣ ದ ರೂಟ್ಸ್ ತಂಡದ ಕ್ವೆಸ್ಟ್‌ಲವ್‌ನದು. ನಡೆ ಇಳಿಯಿತು, ತಾಳದ ನಡುವೆ ಜಾಗ ಬಂತು. ಆ ಜಾಗದಲ್ಲಿ ಅವಳು ಸಾಲಿನ ಕೊನೆಯನ್ನು ಎಳೆದು, ಬಾಗಿಸಿ, ತಡವಾಗಿ ತಾಳಕ್ಕೆ ಬಂದು ಸೇರುತ್ತಾಳೆ. ರಭಸದಲ್ಲಿ ಕೇಳಿಸದೇ ಹೋಗಿದ್ದ ಪೇಚಾಟ ಈಗ ಕೇಳಿಸುತ್ತದೆ. ಹಾಡು ಬೇರೆಯವರದಾದರೂ ಹಾಡುವಿಕೆ ಸ್ವಂತದ್ದಾಗಬಹುದು ಎಂಬುದಕ್ಕೆ ಈ ಒಂದು ಹಾಡು ಸಾಕು.

ಮುಂದಿನ ವರ್ಷ ಸ್ವಂತ ಹಾಡುಗಳೇ ಹೆಚ್ಚಿದ್ದ 'ಮೈಂಡ್ ಬಾಡಿ ಅಂಡ್ ಸೋಲ್' ಬಂತು. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಸ್ಥಾನ ಪಡೆದ ಗಾಯಕಿ ಎಂಬ ದಾಖಲೆ ಅವಳದಾಯಿತು. 2019ರಲ್ಲಿ ಬಿಲ್ಲಿ ಐಲಿಶ್ ಅದನ್ನು ಮುರಿದಳು. ಆದರೂ ಕೇಳುವ ಸುಖಕ್ಕೆ ನಾನು ಮೊದಲಿನದಕ್ಕೇ ಹೋಗುತ್ತೇನೆ.

2005ರ ಬ್ರಿಟ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಗಾಯಕಿ ಪ್ರಶಸ್ತಿಯ ಜೊತೆ 'ಅರ್ಬನ್' ವಿಭಾಗದ್ದೂ ಅವಳಿಗೇ ಬಂತು. ಆ ವಿಭಾಗದ ಸ್ಪರ್ಧೆಯಲ್ಲಿ ಜಮೀಲಿಯಾ, ಲೆಮಾರ್, ಡಿಜ್ಜಿ ರ‍್ಯಾಸ್ಕಲ್ ಎಂಬ ಕಪ್ಪು ಕಲಾವಿದರೂ ಇದ್ದರು. ಕಪ್ಪು ಜನರ ಸಂಗೀತಕ್ಕೆ ಸಿಕ್ಕ ಕೆಲವೇ ವೇದಿಕೆಗಳಲ್ಲಿ ಅದೂ ಒಂದು. ಅದೂ ಬಿಳಿಯ ಹುಡುಗಿಗೆ ಹೋಯಿತಲ್ಲ ಎಂದು ನೊಂದವರ ಮಾತನ್ನು ತಳ್ಳಿಹಾಕಲಾಗದು. ಸಾಲ ತಂದ ದನಿಗೆ ಬೇಗ ಬಾಗಿಲು ತೆರೆಯುತ್ತದೆ, ಸಾಲ ಕೊಟ್ಟವರು ಹೊರಗೇ ನಿಂತಿರುತ್ತಾರೆ. ಇದು ಅನ್ಯಾಯವೇ. ಆದರೆ ಆ ಮೊದಲ ಆಲ್ಬಂ ಸಾಲವನ್ನು ಮುಚ್ಚಿಡಲಿಲ್ಲ. ಕೊಟ್ಟವರನ್ನೇ ಕರೆದು ಕೂರಿಸಿ, ಅವರ ಕೈಯಲ್ಲೇ ನುಡಿಸಿತು, ಹೆಸರನ್ನೂ ಅಚ್ಚುಹಾಕಿತು. ಓದದೇ ಬಿಟ್ಟವರು ನಾವು.

ಬೆಟಿ ರೈಟ್ 2020ರ ಮೇ ತಿಂಗಳಲ್ಲಿ, ಅರವತ್ತಾರರ ವಯಸ್ಸಿನಲ್ಲಿ ಮಯಾಮಿಯಲ್ಲೇ ತೀರಿಕೊಂಡಳು. 'ದ ಸೋಲ್ ಸೆಷನ್ಸ್' ಇಷ್ಟಪಟ್ಟವರು ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. 1971ರ 'ಕ್ಲೀನ್ ಅಪ್ ವುಮನ್' ಕೇಳಿ. ಅದರ ಮೊದಲಿಗೇ ಬರುವ ಗಿಟಾರು ಲಿಟಲ್ ಬೀವರನದು.