‘ಅಲಾಟ್’ ಮತ್ತು ‘ಹಂಚಿಕೆ’: ಎರಡು ಪದಗಳ ಒಳಗಣ ಅಂತರ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ‘ಬಿ.ಟಿ.ಎಂ.’ ಎಂಬ ಮೂರಕ್ಷರಗಳಾಗಿ ಕುಗ್ಗಿರುವ ನಮ್ಮ ಭಾಗದಲ್ಲಿ ‘ಅಲಾಟ್’ ಎಂಬುದು ಈಗ ಕನ್ನಡದ್ದೇ ಪದ. ಸೈಟು, ಮನೆ, ಶಾಲೆಯ ಸೀಟು ಎಲ್ಲವೂ ‘ಅಲಾಟ್’ ಆಗುತ್ತವೆ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಸಂವಾದಿಯಾದ ಪದ ‘ಹಂಚಿಕೆ’. ಇವೆರಡೂ ಸಮಾನಾರ್ಥಕಗಳೆಂದು ನಾವು ನಂಬಿದ್ದೇವೆ. ಆದರೆ ಇವುಗಳ ಹುಟ್ಟು ಬೇರೆ.

‘ಅಲಾಟ್’ ಪದದೊಳಗಿರುವುದು ‘ಲಾಟ್’. ಹಳೆಯ ಇಂಗ್ಲಿಷಿನಲ್ಲಿ ಅದು ‘ಹ್ಲೊಟ್’. ಅದೃಷ್ಟ ಪರೀಕ್ಷೆಗಾಗಿ ಎತ್ತುತ್ತಿದ್ದ ಗುರುತಿನ ತುಂಡು. ಜರ್ಮಾನಿಕ್ ಜನರು ಫಲ ಕೊಡುವ ಮರದ ಕೊಂಬೆಯನ್ನು ತುಂಡರಿಸಿ, ಗುರುತು ಹಾಕಿ, ಬಿಳಿಯ ಬಟ್ಟೆಯ ಮೇಲೆ ಚೆಲ್ಲಿ, ಮೂರು ತುಂಡುಗಳನ್ನು ಎತ್ತುತ್ತಿದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿನಲ್ಲಿ ಬರೆದಿದ್ದಾನೆ. ಎತ್ತಿದ ತುಂಡಿನ ಹೆಸರೇ ಕ್ರಮೇಣ ಅದರಿಂದ ದೊರೆತ ಪಾಲಿಗೂ, ನೆಲದ ತುಣುಕಿಗೂ, ಕೊನೆಗೆ ಹಣೆಬರಹಕ್ಕೂ ಹೆಸರಾಯಿತು. ‘ಲಾಟರಿ’ಯೂ ಇದೇ ಬಳ್ಳಿಯದು.

ನಮ್ಮಲ್ಲಿಯೂ ಪಾಲು ಹಣೆಬರಹವಾಗಿದೆ. ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುತ್ತೇವೆ. ಸಂಸ್ಕೃತದ ‘ಭಾಗ್ಯ’ವೂ ‘ಭಾಗ’ದ ಮನೆತನದ್ದೇ, ‘ಭಜ್’ ಎಂದರೆ ವಿಭಾಗಿಸು. ಆದರೆ ಇವುಗಳ ಮೂಲದಲ್ಲಿರುವುದು ಎತ್ತುವ ಕ್ರಿಯೆಯಲ್ಲ, ವಿಭಾಗಿಸುವ ಕ್ರಿಯೆ. ಇನ್ನು ‘ಹಂಚಿಕೆ’ಗೆ ಉಪಾಯ, ಸಂಚು ಎಂಬ ಅರ್ಥವೂ ಉಂಟು. ಹಂಚುವವನೊಬ್ಬನಿದ್ದಾನೆ, ಅವನಿಗೊಂದು ಉದ್ದೇಶವಿದೆ ಎಂಬ ಅರಿವು ಕನ್ನಡದ ಪದದಲ್ಲಿ ಉಳಿದಿದೆ.

ಹಂಚುವವನ ಉದ್ದೇಶದ ಭಯದಿಂದಲೇ ಚೀಟಿ ಹುಟ್ಟಿರಬೇಕು. ಪರಾಂತಕ ಚೋಳನ ಕಾಲದ ಉತ್ತರಮೇರೂರು ಶಾಸನಗಳಲ್ಲಿ (919, 921) ‘ಕುಡವೋಲೈ’ ಪದ್ಧತಿಯ ವಿವರಗಳಿವೆ. ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಎಳೆಯ ಬಾಲಕನಿಂದ ಎತ್ತಿಸುತ್ತಿದ್ದರು. ಆದರೆ ಕೊಡದೊಳಗೆ ಎಲ್ಲರ ಹೆಸರೂ ಬೀಳುತ್ತಿರಲಿಲ್ಲ. ತೆರಿಗೆ ಕಟ್ಟುವ ಭೂಮಿ, ಸ್ವಂತ ಮನೆ, ವಯಸ್ಸು, ವೇದಜ್ಞಾನ ಇವೆಲ್ಲ ಮೊದಲೇ ವಿಧಿಸಿದ್ದ ಷರತ್ತುಗಳು. ಬಾಲಕನ ಕೈ ನಿಷ್ಪಕ್ಷಪಾತವಾಗಿತ್ತು. ಕೊಡದ ಬಾಯಿ ಹಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ನಮ್ಮ ಬೀದಿಯಲ್ಲಿ ಮನೆಗೆಲಸ ಮಾಡುವ ತಾಯಿಯೊಬ್ಬರು ಮೊಬೈಲು ತಂದು ತೋರಿಸಿದರು. ಶಿಕ್ಷಣ ಹಕ್ಕು ಕಾಯ್ದೆಯಡಿ ಮಗಳಿಗಾಗಿ ಹಾಕಿದ್ದ ಅರ್ಜಿಗೆ ಲಾಟರಿಯಲ್ಲಿ ಸೀಟು ಬಂದಿರಲಿಲ್ಲ. “ಅಲಾಟ್ ಆಗಿಲ್ಲ ಅಂದ್ರೆ ಯಾರನ್ನ ಕೇಳ್ಬೇಕು, ಮೇಷ್ಟ್ರೇ?” ಎಂದರು. “ಲಾಟರಿ ಅಲ್ವೇನಮ್ಮ, ಅದರಲ್ಲಿ ಯಾರ ಕೈಯೂ ಇರೋದಿಲ್ಲ” ಎಂದೆ. “ಸೀಟು ಇಷ್ಟೇ ಅಂತ ಇಟ್ಟೋರು ಯಾರೋ ಇರ್ತಾರಲ್ಲ” ಎಂದರು.

ನಿಘಂಟು ಮಾಡದ ವಿವೇಚನೆಯನ್ನು ಅವರು ಮಾಡಿದ್ದರು. 2009ರ ಆ ಕಾಯ್ದೆ ಖಾಸಗಿ ಶಾಲೆಯ ಪ್ರವೇಶ ತರಗತಿಯಲ್ಲಿ ಶೇಕಡ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆ ಇಪ್ಪತ್ತೈದು ಮನುಷ್ಯರು ಮಾಡಿದ ಹಂಚಿಕೆ. ಅದರೊಳಗೆ ಯಾವ ಮಗು ಎಂಬುದಷ್ಟೇ ಲಾಟು. ಆಕಸ್ಮಿಕಕ್ಕೆ ಉತ್ತರ ಹೇಳುವವರಿಲ್ಲ, ಹಂಚಿಕೆಗೆ ಇರಲೇಬೇಕು. ‘ಅಲಾಟ್’ ಎಂದಾಗ ಎರಡೂ ಒಂದೇ ಎನಿಸಿ, ಕೇಳಬೇಕಾದ ಪ್ರಶ್ನೆ ಹಣೆಬರಹದಲ್ಲಿ ಕರಗಿಹೋಗುತ್ತದೆ. ‘ಹಂಚಿಕೆ’ ಎಂದಾಗ, ಹಂಚಿದವರು ಯಾರು ಎಂದು ವ್ಯಾಕರಣವೇ ಕೇಳುತ್ತದೆ. ಅನುವಾದದಲ್ಲಿ ಮೂಲಾರ್ಥ ಕಳೆದುಹೋಯಿತೆಂದು ಕೊರಗುವ ನಮಗೆ, ಇಲ್ಲಿ ಅನುವಾದವೇ ಮೂಲಕ್ಕಿಂತ ಹೆಚ್ಚು ನಿಜ ಹೇಳುತ್ತಿದೆ.